ಜರ್ಮೇನ್ ಸಿಸ್ಟರ್ ಕಾಯುತ್ತಿದ್ದರು

ಹುಣಸೆರಸ ಕುದಿದು ಕುದಿದು ಗಟ್ಟಿಯಾಗಿ ಬಾಣಲೆಯ ಅಂಚಿನಲ್ಲಿ ಎಣ್ಣೆ ಬಿಡತೊಡಗಿತ್ತು. ಈ ಹದದಲ್ಲಿ ಸೌಟು ನಿಲ್ಲಿಸುವ ಹಾಗಿಲ್ಲ. ರತ್ನಾವತಿ ಬಲಗೈಯಲ್ಲಿ ತಿರುಗಿಸುತ್ತಲೇ ಎಡಗೈಯಲ್ಲಿ ಎಳ್ಳಿನಪುಡಿಯ ಡಬ್ಬಿ ತೆಗೆಯಲು ಹೆಣಗುತ್ತಿದ್ದಾಗ ಫೋನು ಹೊಡೆದುಕೊಂಡಿತು.

ಗೊಜ್ಜು ಮನೆಗಲ್ಲ, ಹಡಗಿಗೆ. ಮುಂದಿನ ವಾರ ಬಾಸ್ಟನ್ನಿನಿಂದ ಹೊರಟು ಕೆನಡಾದ ಬಂದರುಗಳನ್ನೆಲ್ಲ ಸುತ್ತಿಸುವ ಕ್ರೂಸು. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫಾಸ್ಟರ್ ಸಿಟಿಯಿಂದ ರತ್ನಾವತಿ ಮತ್ತು ಗಂಡ ಗುರುದತ್, ಫ್ರೀಮಾಂಟಿನಿಂದ ಅನಂತಪದ್ಮನಾಭ ಮತ್ತು ಅವನ ಹೆಂಡತಿ ವಾಣಿಶ್ರೀ. ಎರಡು ಸಂಸಾರವೂ ಇಂಥ ಪ್ರವಾಸಗಳಲ್ಲಿ ಪಳಗಿದವು. ಹಡಗಿನ ಬಫೆಯಲ್ಲಿ ಏನಿಲ್ಲದಿದ್ದರೂ ಬಿಳಿ ಅನ್ನ ಇದ್ದೇ ಇರುತ್ತದೆ. ಬೆಳಿಗ್ಗೆ ಅದನ್ನು ಎರಡು ತಟ್ಟೆ ಹೆಚ್ಚಾಗಿ ಬಡಿಸಿಕೊಂಡು ಕ್ಯಾಬಿನ್ನಿಗೆ ತಂದು, ಗೊಜ್ಜು ಕಲಸಿ, ಡಬ್ಬಿಗೆ ತುಂಬಿಕೊಂಡು ಊರು ನೋಡಲು ಇಳಿಯುವುದು. ಅನಂತಪದ್ಮನಾಭನಿಗೆ ಮೊಟ್ಟೆ ತಾಗಿದ ಪಾತ್ರೆಯೂ ಆಗದು. ಗುರುದತ್‌ಗೆ ಏನು ಬೇಕಾದರೂ ಆಗುತ್ತದೆ, ಆದರೆ ಮಧ್ಯಾಹ್ನ ಅನ್ನ ಬೀಳದಿದ್ದರೆ ತಲೆನೋವು. ಹೀಗಾಗಿ ಎಲ್ಲಿಗೆ ಹೋದರೂ ರತ್ನಾವತಿಯ ಗೊಜ್ಜು ಮುಂದೆ, ಪ್ರವಾಸ ಹಿಂದೆ.

ಫೋನಿನಲ್ಲಿ ಬಂದದ್ದು ಫ್ರೆಂಚು. ಕೆಬೆಕ್ ನಗರದಲ್ಲಿ ವೃದ್ಧ ಸನ್ಯಾಸಿನಿಯರ ಮನೆಯೊಂದನ್ನು ನೋಡಿಕೊಳ್ಳುವ ಹೆಂಗಸು. ನಿಮ್ಮ ಪತ್ರವನ್ನು ಸಿಸ್ಟರಿಗೆ ಓದಿ ಹೇಳಿದೆ ಎಂದಳು. ತುಂಬ ಖುಷಿಯಾಗಿದ್ದಾರೆ. ಮಧ್ಯಾಹ್ನ ಎರಡರ ಹೊತ್ತಿಗೆ ಬನ್ನಿ. ಊಟವಾದ ಮೇಲೆ ಸ್ವಲ್ಪ ಹೊತ್ತು ಅವರ ಮನಸ್ಸು ತಿಳಿಯಾಗಿರುತ್ತದೆ, ಆಮೇಲೆ ಆಯಾಸವಾಗಿ ಮಲಗಿಬಿಡುತ್ತಾರೆ. ತಡ ಮಾಡಬೇಡಿ.

‘ಇಲ್ಲ, ಖಂಡಿತ ತಡ ಮಾಡುವುದಿಲ್ಲ’ ಎಂದು ರತ್ನಾವತಿ ಫ್ರೆಂಚಿನಲ್ಲೇ ಹೇಳಿದಳು. ಫೋನಿಟ್ಟ ಮೇಲೂ ಆ ವಾಕ್ಯದ ಸದ್ದು ಅಡುಗೆಮನೆಯಲ್ಲಿ ನಿಂತೇ ಇತ್ತು. ಅಷ್ಟರಲ್ಲಿ ಗೊಜ್ಜು ತಳ ಹತ್ತಿತ್ತು.

‘ಏನೋ ಸೀದ ವಾಸನೆ!’ ಎನ್ನುತ್ತ ಗುರುದತ್ ಆಫೀಸುರೂಮಿನಿಂದ ಹೊರಗೆ ಬಂದ. ಅವನು ಹತ್ತಿರದ ಬಯೋಟೆಕ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು, ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ.

‘ಜರ್ಮೇನ್ ಸಿಸ್ಟರ್ ಸಿಕ್ತಾರಂತೆ. ಕೆಬೆಕ್‌ನಲ್ಲಿ ಇಳಿದ ದಿನ ಎರಡು ಗಂಟೆಗೆ ನಾನು ಹೋಗಿ ಬರ್ತೇನೆ.’

‘ಅಷ್ಟೇ ತಾನೆ? ಕರ್ಕೊಂಡ್ ಹೋಗ್ತೇನೆ ಬಿಡು’ ಎಂದ ಗುರುದತ್, ಸೀದದ್ದನ್ನು ಬೆರಳಲ್ಲಿ ತೆಗೆದು ನೆಕ್ಕಿ, ‘ಅಡ್ಡಿಲ್ಲ, ಪದ್ದುಗೆ ಗೊತ್ತಾಗೋದಿಲ್ಲ’ ಎಂದು ಮೀಟಿಂಗಿಗೆ ವಾಪಸಾದ.

ತಾನು ಹೋಗಿ ಬರುತ್ತೇನೆ ಎಂದದ್ದು ಅವನ ಬಾಯಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದಾದದ್ದನ್ನು ರತ್ನಾವತಿ ಆಗ ಗಮನಿಸದೆ ಇರಲಿಲ್ಲ. ಗಮನಿಸಿಯೂ ಸುಮ್ಮನಾಗುವುದು ಅವಳಿಗೆ ಅಭ್ಯಾಸವಾಗಿತ್ತು.

ಮಂಗಳೂರಿನ ಕಾಲೇಜಿನಲ್ಲಿ ಜರ್ಮೇನ್ ಸಿಸ್ಟರ್ ಫ್ರೆಂಚ್ ಕಲಿಸುತ್ತಿದ್ದರು. ಕೆನಡಾದಿಂದ ಹುಡುಗಿಯಾಗಿ ಬಂದವರು ಕೂದಲು ಬೆಳ್ಳಗಾಗುವವರೆಗೂ ಅಲ್ಲೇ ಇದ್ದರು. ಮೀನಿನವರೊಂದಿಗೆ ತುಳುವಿನಲ್ಲಿ ಚೌಕಾಸಿ ಮಾಡುವಷ್ಟು ಆ ಊರಿನವರಾಗಿದ್ದರು. ಕ್ಲಾಸಿನಲ್ಲಿ ಅವರು ಪುಸ್ತಕ ತೆಗೆದದ್ದೇ ಕಡಿಮೆ. ನಿನ್ನೆ ಮನೆಯಲ್ಲಿ ಏನಡುಗೆ, ಹೇಗೆ ಮಾಡಿದಿರಿ, ಹೇಳಿ ಎನ್ನುತ್ತಿದ್ದರು. ಹುಡುಗಿಯರು ತಡವರಿಸುತ್ತಿದ್ದರು, ಶಬ್ದ ಸಿಗದೆ ಮೇಲೆ ಕೆಳಗೆ ನೋಡುತ್ತಿದ್ದರು. ಸಿಸ್ಟರ್ ಮಾತ್ರ ಒಂದು ಅಕ್ಷರವನ್ನೂ ಹೇಳಿಕೊಡುತ್ತಿರಲಿಲ್ಲ. ಯಾರ ವಾಕ್ಯವನ್ನೂ ತಾವು ಮುಗಿಸುತ್ತಿರಲಿಲ್ಲ. ಮುಖದ ಮೇಲೆ ಕಣ್ಣಿಟ್ಟು ಕಾಯುತ್ತಿದ್ದರು, ಅಷ್ಟೆ. ಆ ಕಾಯುವಿಕೆಯಲ್ಲಿ ಎಷ್ಟೋ ಹುಡುಗಿಯರಿಗೆ ಮಾತು ಬಂದಿತ್ತು. ರತ್ನಾವತಿಗೂ. ಎಂ.ಎ. ಮುಗಿಸಿದ ಮೇಲೆ ಅವಳನ್ನು ಅದೇ ಕಾಲೇಜಿಗೆ ಸೇರಿಸಿಕೊಂಡು, ತಮ್ಮ ಮೇಜಿನ ಅರ್ಧ ಭಾಗ ಬಿಟ್ಟುಕೊಟ್ಟವರೂ ಅವರೇ.

ಎರಡು ವರ್ಷ ಪಾಠ ಮಾಡಿದಳು. ಆಮೇಲೆ ಉಡುಪಿಯಿಂದ ಗುರುದತ್‌ನ ಸಂಬಂಧ ಬಂತು. ಅಮೆರಿಕದಲ್ಲಿ ಕಲಿಸುವವರಿಗೆ ಅವಕಾಶಕ್ಕೆ ಏನು ಕಡಿಮೆ ಎಂದು ಅವನ ಕಡೆಯವರೇ ಹೇಳಿದ್ದರು. ಬಂದ ಹೊಸದರಲ್ಲಿ ವೀಸಾ ಕೆಲಸ ಮಾಡಲು ಬಿಡಲಿಲ್ಲ. ವೀಸಾ ಬಿಡುವ ಹೊತ್ತಿಗೆ ದೀಪ್ತಿ ಹುಟ್ಟಿದ್ದಳು. ದೀಪ್ತಿ ಶಾಲೆಗೆ ಹೋಗುವ ಹೊತ್ತಿಗೆ ಅತ್ತೆ ಬಂದು ನಿಂತರು. ಯಾರೂ ಬೇಡ ಎನ್ನಲಿಲ್ಲ. ‘ಮಾಡ್ಬಹುದಲ್ಲ, ನೋಡುವ’ ಎಂದೇ ಗುರುದತ್ ಪ್ರತಿ ಸಲವೂ ಹೇಳಿದ. ಅವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ಅವಳಿಗೆ ಈಚೆಗೆ ಅನಿಸುತ್ತದೆ. ಜಗಳವಾಡಿ ಗೆಲ್ಲಬಹುದಿತ್ತು, ಇಲ್ಲವೇ ಸೋಲಬಹುದಿತ್ತು. ನಗುಮುಖದವನ ಜೊತೆ ಎರಡೂ ಇಲ್ಲ.

ಭಾಷೆ ಮಾತ್ರ ಬಿಟ್ಟುಹೋಗಲಿಲ್ಲ. ಲೈಬ್ರರಿಯಿಂದ ಫ್ರೆಂಚ್ ಕಾದಂಬರಿ ತಂದು ಓದುತ್ತಿದ್ದಳು. ಸ್ಯಾನ್ ಮೆಟಿಯೊ ಸೇತುವೆಯ ಮೇಲೆ ಕಾರು ಓಡಿಸುವಾಗ ಫ್ರೆಂಚ್ ರೇಡಿಯೋ ಹಾಕಿಕೊಂಡು, ವಾರ್ತೆ ಓದುವವರ ಜೊತೆ ತಾನೂ ಗಟ್ಟಿಯಾಗಿ ಹೇಳುತ್ತಿದ್ದಳು. ಗುರುದತ್ ಸ್ನೇಹಿತರಿಗೆ ಅದನ್ನು ‘ರತ್ನನ ಹಾಬಿ’ ಎಂದು ಪರಿಚಯಿಸುತ್ತಿದ್ದ. ಆದರೆ ಅವಳ ಮಾತಿಗೆ ಮಾತು ಕೊಡುವ ಒಬ್ಬ ಮನುಷ್ಯರೂ ಇಷ್ಟು ವರ್ಷ ಸಿಕ್ಕಿರಲಿಲ್ಲ. ಈಗ ತೊಂಬತ್ತು ದಾಟಿದ ಸಿಸ್ಟರ್ ಕೆಬೆಕ್‌ನಲ್ಲಿ ಬದುಕಿದ್ದಾರೆ ಎಂದು ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ತಿಳಿದಿತ್ತು. ಹಡಗು ಅಲ್ಲಿ ಒಂದು ಹಗಲು ನಿಲ್ಲುತ್ತದೆ. ಗೊಜ್ಜು ಇನ್ನೊಮ್ಮೆ ಮಾಡಬೇಕಾಯಿತು. ಆವತ್ತು ಅವಳಿಗೆ ಅದೂ ಬೇಸರ ತರಿಸಲಿಲ್ಲ.

*

ಹಡಗು ಕೆಬೆಕ್ ತಲುಪಿದ ಬೆಳಿಗ್ಗೆ ನದಿಯ ಮೇಲೆ ತೆಳ್ಳಗೆ ಮಂಜಿತ್ತು. ಮಂಜಿನ ಮೇಲೆ ಗುಡ್ಡ, ಗುಡ್ಡದ ಮೇಲೆ ಕೋಟೆಗೋಡೆ, ಅದರ ಮೇಲೆ ಹಸಿರು ತಾಮ್ರದ ಮಾಡಿನ ಅರಮನೆಯಂಥ ಹೋಟೆಲು. ಡೆಕ್ಕಿನ ಮೇಲೆ ಎಲ್ಲರೂ ಫೋಟೋ ಹೊಡೆಯುತ್ತಿದ್ದಾಗ ರತ್ನಾವತಿ ಮತ್ತು ವಾಣಿಶ್ರೀ ಕ್ಯಾಬಿನ್ನಿನ ಮಂಚದ ಮೇಲೆ ಟವೆಲು ಹಾಸಿ ಪುಳಿಯೋಗರೆ ಕಲಸುತ್ತಿದ್ದರು. ಹಡಗಿನ ಊಟ ತಿಂಡಿ ಯಾವುದನ್ನೂ ದಡಕ್ಕೆ ಒಯ್ಯಬಾರದು ಎಂದು ಮೈಕಿನಲ್ಲಿ ಎರಡೆರಡು ಸಲ ಹೇಳಿದರು.

‘ಕೇಳಿಸ್ತಾ?’ ಎಂದಳು ರತ್ನಾವತಿ.

‘ಅದು ಹಣ್ಣು, ಮಾಂಸ ಅಂಥದ್ದಕ್ಕೆ ಕಣೆ. ಪುಳಿಯೋಗರೆಗೆ ಯಾರೇನ್ ಹೇಳ್ತಾರೆ? ಅವರಿಗೆ ಅದೇನು ಅಂತಾನೇ ಗೊತ್ತಿರಲ್ಲ’ ಎಂದು ವಾಣಿಶ್ರೀ ಮುಚ್ಚಳ ಒತ್ತಿದಳು. ‘ನಿನ್ ಬ್ಯಾಗು ದೊಡ್ಡದು, ಅದರಲ್ಲೇ ಇರ್ಲಿ.’

ಹಡಗಿನಿಂದ ಇಳಿಯುವಾಗ ಪ್ರತಿಯೊಬ್ಬರೂ ತಮ್ಮ ಕಾರ್ಡನ್ನು ಯಂತ್ರಕ್ಕೆ ತೋರಿಸಬೇಕು. ತೋರಿಸಿ ಮುಗಿದ ಕೂಡಲೇ ಗುರುದತ್ ಕೈಚಾಚಿದ. ನಾಲ್ವರ ಕಾರ್ಡು, ಪಾಸ್‌ಪೋರ್ಟು ಎಲ್ಲವೂ ಅವನ ಸೊಂಟದ ಚೀಲದೊಳಗೆ. ಎಲ್ಲ ಪ್ರವಾಸದಲ್ಲೂ ಹೀಗೆಯೇ. ‘ನಿಮ್ ಹೆಂಗಸ್ರ ಬ್ಯಾಗೊಳಗೆ ಹೋದದ್ದು ಆ ದೇವರಿಗೂ ಸಿಗೋದಿಲ್ಲ’ ಎನ್ನುವುದು ಅವನ ಹಳೆಯ ತಮಾಷೆ.

ದಡದ ಶೆಡ್ಡಿನೊಳಗೆ ಒಂದು ಗಿಡ್ಡ ಕಾಲಿನ ನಾಯಿ ಸಾಲಿನುದ್ದಕ್ಕೂ ಮೂಸುತ್ತ ಬಂದು ರತ್ನಾವತಿಯ ಕಾಲಬುಡದಲ್ಲಿ ಕುಳಿತುಬಿಟ್ಟಿತು. ಎಷ್ಟು ಹೊತ್ತಾದರೂ ಏಳಲೊಲ್ಲದು. ಅಧಿಕಾರಿ ಬಂದು ಬ್ಯಾಗು ತೆರೆಸಿದ. ಡಬ್ಬಿಗಳು ಮೇಜಿನ ಮೇಲೆ ಸಾಲಾಗಿ ಕುಳಿತವು. ಅವನು ಇಂಗ್ಲಿಷಿನಲ್ಲಿ ಇದೇನು ಎಂದ. ರತ್ನಾವತಿಗೆ ನಾಚಿಕೆಯಲ್ಲಿ ಇಂಗ್ಲಿಷೇ ಮರೆತುಹೋಯಿತೋ ಏನೋ, ಫ್ರೆಂಚಿನಲ್ಲಿ ಉತ್ತರ ಬಂತು. ಅನ್ನ, ಹುಣಸೆಹಣ್ಣು, ಎಳ್ಳು, ಬೆಲ್ಲ. ನಮ್ಮ ಜೊತೆಯವರೊಬ್ಬರು ಹೊರಗೆ ತಿನ್ನುವುದಿಲ್ಲ. ತಪ್ಪಾಯಿತು, ಹೇಳಿದ್ದನ್ನು ಕೇಳಬೇಕಿತ್ತು.

ಅಧಿಕಾರಿಯ ಹುಬ್ಬು ಮೇಲೇರಿತು. ಎಲ್ಲಿ ಕಲಿತಿರಿ ಎಂದ. ಭಾರತದಲ್ಲಿ, ನಿಮ್ಮ ಊರಿನವರಿಂದಲೇ ಎಂದಳು. ಅವನು ನಕ್ಕ. ‘ಅದಕ್ಕೇ ಮತ್ತೆ. ನೀವು ಥೇಟ್ ನನ್ನ ಅಜ್ಜಿಯ ಹಾಗೆ ಮಾತಾಡ್ತೀರಿ. ಹೀಗೆ ಮಾತಾಡುವವರು ಈಗ ಇಲ್ಲೂ ಉಳಿದಿಲ್ಲ.’ ಡಬ್ಬಿಯೊಳಗಿನದನ್ನು ಸುರಿಯಬೇಕಾದ ತೊಟ್ಟಿ ತೋರಿಸಿ, ದಂಡ ಹಾಕದೆ, ಒಳ್ಳೆಯ ದಿನವಾಗಲಿ ಎಂದು ಹಾರೈಸಿ ಕಳಿಸಿದ.

ಕಲಸಿದ ಅನ್ನವನ್ನೆಲ್ಲ ತೊಟ್ಟಿಗೆ ಬಡಿಯುವಾಗ ರತ್ನಾವತಿಯ ಎದೆ ಹಗುರವಾಗಿತ್ತು. ಇಂಥ ಹೊತ್ತಿನಲ್ಲಿ ಹಿಗ್ಗಬಾರದು ಎಂದುಕೊಂಡರೂ ತುಟಿ ಕೇಳುತ್ತಿರಲಿಲ್ಲ.

‘ಏನಂದ? ಫೈನು ಹಾಕಿದ್ನಾ?’ ಗುರುದತ್ ಓಡಿ ಬಂದ.

‘ಇಲ್ಲ. ನನ್ನ ಮಾತು ಅವನ ಅಜ್ಜಿಯ ಹಾಗೆ...’

‘ಫೈನಿಲ್ಲ ಪದ್ದೂ!’ ಗುರುದತ್ ಹಿಂದೆ ತಿರುಗಿ ಕೂಗಿದ. ‘ನೋಡ್ದ್ಯಾ, ನಮ್ಮ ಟ್ರಾನ್ಸ್‌ಲೇಟರ್ ಮೇಡಂ ಹೇಗೆ ಸಂಭಾಳಿಸಿದ್ರು! ಇವತ್ತಿಡೀ ದಿನ ಇವಳೇ ನಮ್ ಗೈಡು.’

ಹಳೆಯ ಪೇಟೆಯ ಕಲ್ಲುಹಾಸಿನ ಬೀದಿ ಚೆಂದವಿತ್ತು. ಕಿಟಕಿಗಳ ಕೆಳಗೆ ಕೆಂಪು ಹೂವಿನ ಕುಂಡಗಳು, ಬಾಗಿಲ ಮುಂದೆ ಕುಂಬಳಕಾಯಿಗಳ ರಾಶಿ. ಆದರೆ ಅವಳಿಗೆ ನೆನಪಿರುವುದು ಊಟದ ಹೋಟೆಲುಗಳ ಬಾಗಿಲುಗಳು ಮಾತ್ರ. ಡಬ್ಬಿ ಹೋಯಿತಲ್ಲ, ಅನಂತಪದ್ಮನಾಭನಿಗೆ ಊಟ ಹುಡುಕಬೇಕು. ಪ್ರತಿ ಬಾಗಿಲಲ್ಲೂ ನಿಂತು ಕೇಳುವವಳು ಅವಳು. ಬಟಾಣಿ ಸಾರಿನಲ್ಲಿ ಹಂದಿ ಇದೆಯೇ? ಇದೆ. ಆಲೂಗಡ್ಡೆಯ ಮೇಲೆ ಸುರಿಯುವ ಗ್ರೇವಿ ಯಾವುದರದ್ದು? ದನದ್ದು. ದೋಸೆಯಂಥದ್ದನ್ನು ಹುಯ್ಯುತ್ತಿದ್ದಾರಲ್ಲ, ಅದರ ಹಿಟ್ಟಿನಲ್ಲಿ ಮೊಟ್ಟೆ? ಹಾಕದೆ ಹೇಗೆ ಮೇಡಂ!

‘ಇನ್ನೊಮ್ಮೆ ಕೇಳಿ ಅತ್ತಿಗೆ. ಒಂದೇ ಒಂದು ಮೊಟ್ಟೆ ಇಲ್ದೆ ಹುಯ್ಕೊಡೋಕೆ ಆಗುತ್ತಾ ಅಂತ’ ಎಂದ ಅನಂತಪದ್ಮನಾಭ, ಪಾಪ, ಹಸಿವಿನಲ್ಲಿ.

ಇಷ್ಟು ವರ್ಷ ಕಾಪಾಡಿಕೊಂಡು ಬಂದ ಭಾಷೆ ಆ ದಿನ ಮೊಟ್ಟೆ, ಹಂದಿ, ಶೌಚಾಲಯ ಎಲ್ಲಿದೆ, ಇದಕ್ಕಿಂತ ಅಗ್ಗದ್ದು ಇಲ್ಲವೇ ಎಂಬುದರಲ್ಲಿ ಖರ್ಚಾಯಿತು. ಕೊನೆಗೆ ಗುರುದತ್ ಫೋನಿನಲ್ಲಿ ಹುಡುಕಿ, ಕೋಟೆಗೋಡೆಯಾಚೆ ಒಂದು ಇಂಡಿಯನ್ ರೆಸ್ಟೋರೆಂಟು ಇದೆ, ಇಲ್ಲೇ ಹತ್ತಿರ ಎಂದ. ಹತ್ತಿರವಿರಲಿಲ್ಲ. ಏರು ಹತ್ತಿ, ವಾಣಿಶ್ರೀಯ ಮಂಡಿಗೆ ಬೆಂಚಿನ ಮೇಲೆ ವಿಶ್ರಾಂತಿ ಕೊಟ್ಟು ತಲುಪುವಾಗ ಒಂದೂವರೆ. ಜಲಂಧರದ ಯಜಮಾನ ಹಿಂದಿಯಲ್ಲಿ ಎದುರುಗೊಂಡ. ನಾನ್ ಬರಲು ಹೊತ್ತಾಗುತ್ತದೆ, ತಂದೂರು ಈಗಷ್ಟೇ ಹೊತ್ತಿಸಿದ್ದು ಎಂದ.

ರತ್ನಾವತಿ ಗೋಡೆಯ ಗಡಿಯಾರ ನೋಡಿ ಎದ್ದು ನಿಂತಳು. ‘ರೀ, ನನ್ನ ಕಾರ್ಡು ಕೊಡಿ. ನಾನು ಸಿಸ್ಟರ್ ಹತ್ರ ಹೋಗಿರ್ತೇನೆ. ನೀವೆಲ್ಲ ಊಟ ಮಾಡಿ.’

‘ಒಬ್ಳೇ? ನಿನ್ ಫೋನಿಗೆ ಇಲ್ಲಿ ನೆಟ್ಟೂ ಇಲ್ಲ ಮಾರಾಯ್ತಿ. ಒಂದು ಮನೆಗೆ ಎರಡು ರೋಮಿಂಗು ಬೇಡ ಅಂತ ತಗೊಳ್ಲಿಲ್ಲ. ದಾರಿ ತಪ್ಪಿದ್ರೆ ಏನ್ ಮಾಡ್ತಿ?’

‘ಕೇಳ್ಕೊಂಡು ಹೋಗ್ತೇನೆ. ನನಗೆ ಭಾಷೆ ಬರ್ತದಲ್ಲ.’

ಅವಳ ದನಿ ಎಲ್ಲೋ ಬೇರೆ ಕಡೆಯಿಂದ ಬಂದಂತಿತ್ತು. ಅನಂತಪದ್ಮನಾಭ ನಗುತ್ತ, ‘ಅಯ್ಯೋ ಅತ್ತಿಗೆ, ನೀವು ಹೋದ್ರೆ ಇಲ್ಲಿ ಮೆನು ಯಾರ್ ಓದ್ತಾರೆ? ನನಗೆ ಹಂದಿ ತಿನ್ನಿಸಿಬಿಡ್ತಾನೆ ಈ ಗುರು’ ಎಂದ. ವಾಣಿಶ್ರೀ, ‘ಕೂತ್ಕೊಳೆ, ಊಟ ಬಿಟ್ಟು ಹೋಗ್ತಾರೇನೆ? ಎಲ್ಲಾರೂ ಒಟ್ಟಿಗೇ ಹೋಗೋಣ. ನಾನೂ ಆ ಅಜ್ಜೀನ ನೋಡ್ಬೇಕು’ ಎಂದು ಕೈ ಹಿಡಿದೆಳೆದಳು. ಗುರುದತ್ ಆಗಲೇ ದಾಲ್ ಮಖನಿ ಹೇಳುತ್ತಿದ್ದ.

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಕ್ಕು ಕುಳಿತುಕೊಂಡಳು. ಅವನು ತಡೆದದ್ದಕ್ಕಿಂತ, ಅಲ್ಲಿ ತಾನು ನಕ್ಕದ್ದನ್ನು ನೆನೆದರೆ ಇವತ್ತಿಗೂ ಅವಳಿಗೆ ಮೈ ಉರಿಯುತ್ತದೆ. ಮೆನು ಇಂಗ್ಲಿಷಿನಲ್ಲೂ ಇತ್ತು. ಯಜಮಾನನಿಗೆ ಹಿಂದಿ ಬರುತ್ತಿತ್ತು. ಕಾರ್ಡಿಲ್ಲದಿದ್ದರೂ ಊರೊಳಗೆ ನಡೆಯಬಹುದಿತ್ತು, ಕಾರ್ಡು ಬೇಕಾದದ್ದು ಹಡಗು ಹತ್ತಲು ಮಾತ್ರ. ಬಾಗಿಲು ತೆರೆದೇ ಇತ್ತು. ಅವಳು ನಾನ್ ಮುರಿದಳು.

ಊಟವಾದ ಮೇಲೆ ನದಿಗೆ ಮುಖಮಾಡಿದ ಹಲಗೆಹಾಸಿನ ದಾರಿ ಸಿಕ್ಕಿತು. ಇಷ್ಟು ದೂರ ಬಂದು ಅಲ್ಲಿ ಫೋಟೋ ಹೊಡೆಸಿಕೊಳ್ಳದಿದ್ದರೆ ಹೇಗೆ? ಫಿರಂಗಿಯ ಮೇಲೆ ಕೈಯಿಟ್ಟು ಒಂದು, ಹೋಟೆಲು ಹಿಂದೆ ಬರುವ ಹಾಗೆ ಒಂದು, ಗಂಡಸರಿಬ್ಬರದ್ದು, ಹೆಂಗಸರಿಬ್ಬರದ್ದು, ಜೋಡಿಗಳದ್ದು. ‘ನಗೆ ರತ್ನಾ, ಏನು ಹರಳೆಣ್ಣೆ ಕುಡಿದವಳ ಥರ ಮುಖ’ ಎಂದಳು ವಾಣಿಶ್ರೀ.

*

ಸನ್ಯಾಸಿನಿಯರ ಮನೆಯ ಗಂಟೆ ಒತ್ತಿದಾಗ ಮೂರು ದಾಟಿ ಹತ್ತಿರ ಹತ್ತಿರ ಅರ್ಧ ಗಂಟೆಯಾಗಿತ್ತು. ಬಾಗಿಲು ತೆರೆದ ಹೆಂಗಸು, ಫೋನಿನಲ್ಲಿ ಮಾತಾಡಿದವಳೇ, ನಾಲ್ವರನ್ನೂ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ‘ಎರಡಕ್ಕೂ ಮುಂಚೆಯಿಂದ ಕೂತಿದ್ದಾರೆ. ಒಳಗೆ ಹೋಗಿ ಮಲಗಿ ಅಂದರೆ ಕೇಳುತ್ತಿಲ್ಲ’ ಎಂದಳು. ಬೈದಂತಿರಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಜರ್ಮೇನ್ ಸಿಸ್ಟರ್ ಇದ್ದರು. ಎತ್ತರದ ಹೆಂಗಸು ಮಡಚಿಟ್ಟಂತೆ ಸಣ್ಣಗಾಗಿದ್ದರು. ನೀಲಿ ಸ್ವೆಟರು, ಹೊಸದಾಗಿ ಬಾಚಿದ ಕೂದಲು. ಮುಂದಿನ ಮೇಜಿನ ಮೇಲೆ ಕಸೂತಿಯ ಬಟ್ಟೆ, ಬಿಸ್ಕತ್ತಿನ ತಟ್ಟೆ, ಮಗುಚಿಟ್ಟ ಎರಡು ಬಟ್ಟಲು. ಎರಡೇ.

ರತ್ನಾವತಿ ಮಂಡಿಯೂರಿ ಕುಳಿತು ಅವರ ಕೈ ಹಿಡಿದುಕೊಂಡಳು. ಸಿಸ್ಟರ್ ಅವಳ ಮುಖವನ್ನು ಹುಡುಕಿ ಹುಡುಕಿ ನೋಡಿದರು. ತುಟಿ ಅಲುಗಿತು.

‘ಸಿಸ್ಟರ್! ಎಂಚ ಉಲ್ಲರ್?’ ಹಿಂದಿನಿಂದ ಗುರುದತ್, ಹೇಗಿದ್ದೀರಿ ಎಂದು ತುಳುವಿನಲ್ಲಿ ಕೂಗಿದ.

ಮುದುಕಿಯ ಮುಖ ಬೆಳಗಿಬಿಟ್ಟಿತು. ‘ಸೌಖ್ಯ ಉಲ್ಲೆ’ ಎಂದರು. ವಾಣಿಶ್ರೀ ಚಪ್ಪಾಳೆ ತಟ್ಟಿದಳು. ಗುರುದತ್‌ನ ಕೈಯಲ್ಲಿ ಆಗಲೇ ಫೋನು. ‘ಒಂದ್ನಿಮಿಷ, ಒಂದ್ನಿಮಿಷ. ರತ್ನಾ, ಸ್ವಲ್ಪ ಪಕ್ಕಕ್ಕೆ ಸರಿ, ಲೈಟು ತಡೀತಿ. ಸಿಸ್ಟರ್, ಬಂಗುಡೆ ತಿನ್ಪರಾ?’

ಬಂಗುಡೆ ಮೀನು ತಿನ್ನುತ್ತೀರಾ ಎಂದು ಕೇಳಿದ್ದಕ್ಕೆ ಸಿಸ್ಟರ್ ಸ್ವಲ್ಪ ಯೋಚಿಸಿದರು. ಆಮೇಲೆ, ಬಹಳ ದುಃಖದ ವಿಷಯ ಹೇಳುವವರಂತೆ, ‘ಮೂಲು ಬಂಗುಡೆ ಇಜ್ಜಿ ಮಗಾ’ ಎಂದರು. ಇಲ್ಲಿ ಬಂಗುಡೆ ಇಲ್ಲ ಮಗು. ಗುರುದತ್ ನಕ್ಕು ನಕ್ಕು ಫೋನು ಅಲುಗಾಡಿತು. ಇನ್ನೊಮ್ಮೆ ಹೇಳಿಸಿದ. ಒಂದು, ಎರಡು, ಮೂರು ಎಣಿಸಲು ಹೇಳಿದ. ಅವರು ಎಣಿಸಿದರು. ಹಾಡು ಬರುತ್ತದೆಯೇ ಎಂದ. ಸಿಸ್ಟರ್ ಸೌಜನ್ಯದಿಂದ ನಕ್ಕು ಉಸಿರು ಎಳೆದುಕೊಂಡರು. ಎಷ್ಟೋ ವರ್ಷದ ಮೇಲೆ ಆ ಊರಿನ ಮಾತು ಕಿವಿಗೆ ಬಿದ್ದದ್ದು ಅವರಿಗೆ ನಿಜಕ್ಕೂ ಸಂತೋಷವೇ ಆಗಿತ್ತು. ಅದನ್ನು ಕಂಡು ರತ್ನಾವತಿಗೆ ಗಂಡನನ್ನು ತಡೆಯುವ ಬಾಯಿಯೂ ಕಟ್ಟಿಹೋಯಿತು.

ಫೋನು ಕೆಳಗಿಳಿದಾಗ ಸಿಸ್ಟರ್ ಅವಳ ಕಡೆ ತಿರುಗಿ, ಮೆಲ್ಲಗೆ, ಫ್ರೆಂಚಿನಲ್ಲಿ ಕೇಳಿದರು:

‘ಇನ್ನೂ ಕಲಿಸುತ್ತಿದ್ದೀಯಾ, ರತ್ನಾವತಿ?’

ಪೂರ್ತಿ ಹೆಸರು ಹಿಡಿದು ಅವಳನ್ನು ಯಾರೂ ಕರೆಯದೆ ಎಷ್ಟು ಕಾಲವಾಗಿತ್ತೋ. ಕೇಳಿ, ಸಿಸ್ಟರ್ ಹಳೆಯ ಕ್ಲಾಸಿನಲ್ಲಿ ಮಾಡುತ್ತಿದ್ದಂತೆಯೇ ಅವಳ ಮುಖದ ಮೇಲೆ ಕಣ್ಣಿಟ್ಟು ಸುಮ್ಮನೆ ಕಾದರು.

ಒಂದು ಮಾತಿನಲ್ಲಿ ಹೇಳುವ ಉತ್ತರವಲ್ಲ ಅದು. ಇಲ್ಲ ಎಂದರೆ ಮುಗಿಯುತ್ತದೆ, ಆದರೆ ಅದು ಪೂರ್ತಿ ನಿಜವಲ್ಲ. ಸೇತುವೆಯ ಮೇಲೆ ಒಬ್ಬಳೇ ಗಟ್ಟಿಯಾಗಿ ಮಾತಾಡುವುದನ್ನು ಹೇಳಬೇಕು. ಕಲಿಸದೆ ಇದ್ದದ್ದು ಯಾರೋ ಬೇಡವೆಂದದ್ದಕ್ಕಲ್ಲ ಎನ್ನುವುದನ್ನು ಹೇಳಬೇಕು. ಇದನ್ನೆಲ್ಲ ಹೇಳಲೆಂದೇ ಅವಳು ಬಂದದ್ದು. ‘ಸಿಸ್ಟರ್, ನಾನು ಅಲ್ಲಿಗೆ ಹೋದ ಮೇಲೆ...’ ಎಂದು ಆರಂಭಿಸಿದಳು. ಮುಂದಿನ ಶಬ್ದ ಬರುವುದರಲ್ಲಿತ್ತು. ಇನ್ನು ಸ್ವಲ್ಪ ಹೊತ್ತು ಬೇಕಿತ್ತು, ಅಷ್ಟೆ.

ಗುರುದತ್‌ಗೆ ಮೌನವೆಂದರೆ ಆಗದು. ಯಾರಾದರೂ ತಡವರಿಸಿದರೆ ನೆರವಿಗೆ ಕೈ ನೀಡುವುದು ಅವನ ಗುಣ.

‘ಏನಂತೆ, ಟೀಚಿಂಗಾ? ನೋ ನೋ ಸಿಸ್ಟರ್! ಷಿ ಈಸ್ ವೆರಿ ಹ್ಯಾಪಿ ಅಟ್ ಹೋಮ್. ಬೆಸ್ಟ್ ಕುಕ್ ಇನ್ ದ ಬೇ ಏರಿಯಾ! ಷಿ ಈಸ್ ದ ಬಾಸ್!’ ಅನಂತಪದ್ಮನಾಭ ಜೋರಾಗಿ ನಕ್ಕು, ‘ಟ್ರೂ, ಟ್ರೂ’ ಎಂದ.

ಸಿಸ್ಟರ್ ಅವನ ಕಡೆ ತಿರುಗಲಿಲ್ಲ. ಇನ್ನೂ ಕಾಯುತ್ತಲೇ ಇದ್ದರು. ಆದರೆ ಅವಳ ಬಾಯೊಳಗಿದ್ದ ವಾಕ್ಯ ಅಷ್ಟರಲ್ಲಿ ಎಲ್ಲಿಗೆ ಹೋಯಿತೋ. ಅವಳು ನಕ್ಕು ತಲೆಯಾಡಿಸಿದಳು.

ನೋಡಿಕೊಳ್ಳುವ ಹೆಂಗಸು ಬಂದು ಇನ್ನು ಸಾಕು ಎಂದಳು. ಎಲ್ಲರೂ ಕುರ್ಚಿಯ ಹಿಂದೆ ನಿಂತು ಫೋಟೋ ಆಯಿತು. ಕುರ್ಚಿ ತಿರುಗಿಸುವಾಗ ಸಿಸ್ಟರ್ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದರು. ‘ನೀನು ವಾಕ್ಯ ಮುಗಿಸಲಿಲ್ಲ’ ಎಂದರು. ಗದರಿಕೆ ಇರಲಿಲ್ಲ. ಹೋಮ್‌ವರ್ಕು ನಾಳೆ ತಾ ಎನ್ನುವ ದನಿ. ತೊಂಬತ್ತು ದಾಟಿದವರು ನಾಳೆ ಎನ್ನುವ ಹಾಗೆ. ಗಾಲಿಕುರ್ಚಿ ಉದ್ದನೆಯ ಪಡಸಾಲೆಯಲ್ಲಿ ಸದ್ದಿಲ್ಲದೆ ಹೋಯಿತು. ಬಟ್ಟಲುಗಳು ಮಗುಚಿದಂತೆಯೇ ಇದ್ದವು.

ಬಂದರಿಗೆ ಇಳಿಯುವ ದಾರಿಯಲ್ಲಿ ಗುರುದತ್ ಅವಳ ಹೆಗಲ ಮೇಲೆ ಕೈಹಾಕಿದ. ‘ಎಷ್ಟು ಒಳ್ಳೇದಾಯ್ತು ನೋಡು. ನಾವು ಬರದಿದ್ರೆ ನೀವಿಬ್ರೂ ಸುಮ್ಮನೆ ಮುಖ ನೋಡ್ಕೊಂಡು ಕೂತಿರ್ತಿದ್ರಿ.’

ಹೌದು, ಅವಳು ಅಷ್ಟಕ್ಕೇ ಬಂದಿದ್ದಳು.

*

ಫಾಸ್ಟರ್ ಸಿಟಿಗೆ ಮರಳಿ ಮೂರು ವಾರದ ಮೇಲೆ, ಭಾನುವಾರ ಮಧ್ಯಾಹ್ನ, ಅನಂತಪದ್ಮನಾಭ ದಂಪತಿ ಊಟಕ್ಕೆ ಬಂದಿದ್ದರು. ಬರ್ಕ್ಲಿಯಲ್ಲಿ ಸಂಶೋಧನೆ ಮಾಡುವ ಮಗಳು ದೀಪ್ತಿಯೂ ಬಂದಿದ್ದಳು. ಗುರುದತ್ ಟೀವಿಗೆ ಫೋನು ಜೋಡಿಸಿ ಕ್ರೂಸಿನ ಫೋಟೋ ತೋರಿಸುತ್ತಿದ್ದ. ಬಂಗುಡೆಯ ವಿಡಿಯೋ ಬಂದಾಗ ಎಲ್ಲರೂ ಹೊಸದಾಗಿ ನೋಡುವವರಂತೆ ಮುಂದೆ ಬಾಗಿದರು. ಅದು ಆಗಲೇ ಊರಿನ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿ ಬಂದಿತ್ತು. ಬಂಗುಡೆ ಅಜ್ಜಿ ಎಂದು ಯಾರೋ ಹೆಸರೂ ಇಟ್ಟಿದ್ದರು.

‘ಏನ್ ಅದೃಷ್ಟ ಆ ಮುದುಕೀದು’ ಎಂದಳು ವಾಣಿಶ್ರೀ. ‘ನಾವು ಹೋಗಿದ್ದಕ್ಕಲ್ವಾ ಇಷ್ಟು ಫೇಮಸ್ ಆದ್ರು.’

ಗುರುದತ್ ವಿಡಿಯೋ ನಿಲ್ಲಿಸಲು ಮರೆತಿದ್ದ. ಪರದೆಯ ಮೇಲೆ ಮೇಜಿನ ಕಾಲು, ಕಸೂತಿಯ ಅಂಚು, ನೆಲ. ಫೋನು ಕೆಳಗಿಳಿದ ಮೇಲೂ ರೆಕಾರ್ಡಾಗುತ್ತಿದ್ದ ಒಂದೆರಡು ಕ್ಷಣ. ಆ ನೆಲದ ಮೇಲಿನಿಂದ ಸಿಸ್ಟರ್ ದನಿ ಕೇಳಿತು, ಕೊನೆಯಲ್ಲಿ ರತ್ನಾವತಿಯ ಹೆಸರು, ಆಮೇಲೆ ಏನೂ ಇಲ್ಲ. ಬರಿ ಉಸಿರು. ಅಲ್ಲಿಗೆ ಮುಗಿಯಿತು.

‘ವೆಯ್ಟ್,’ ದೀಪ್ತಿ ಸೋಫಾದಿಂದ ತಲೆಯೆತ್ತಿದಳು. ‘ಅಮ್ಮಾ, ವಾಟ್ ಡಿಡ್ ಷಿ ಆಸ್ಕ್ ಯೂ? ದ ಫ್ರೆಂಚ್ ಪಾರ್ಟ್?’

ಈ ಮೂರು ವಾರದಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ. ರತ್ನಾವತಿ ಮಗಳನ್ನು ನೋಡಿದಳು. ಹೇಳಿಬಿಡಬಹುದಿತ್ತು. ಹೇಳಿದರೆ ದೀಪ್ತಿ ‘ಓ ಮೈ ಗಾಡ್ ಅಮ್ಮಾ’ ಎನ್ನುತ್ತಿದ್ದಳು. ಆಮೇಲೆ ತಂದೆಯ ಮೇಲೆ ಹರಿಹಾಯುತ್ತಿದ್ದಳು. ಗುರುದತ್ ನಿಜವಾಗಿಯೂ ನೊಂದುಕೊಂಡು, ಛೇ, ಮೊದಲೇ ಹೇಳಬಾರದಿತ್ತೇ ಎಂದು, ನಾಳೆಯೇ ಇಬ್ಬರಿಗೂ ಟಿಕೆಟು ತೆಗೆಯುತ್ತಿದ್ದ. ಕರೆದುಕೊಂಡು ಹೋಗುತ್ತಿದ್ದ. ವಿಡಿಯೋ ತೆಗೆಯುವ ಆ ಫೋನೂ ಜೊತೆಗೆ ಬರುತ್ತಿತ್ತು.

‘ಏನಿಲ್ಲ’ ಎಂದಳು. ‘ಊಟ ಆಯ್ತಾ ಅಂತ ಕೇಳಿದ್ರು.’

‘ಪಾಪ’ ಎಂದ ಅನಂತಪದ್ಮನಾಭ.

ಮಾತು ಮುಂದಿನ ಕ್ರೂಸಿಗೆ ಹೊರಳಿತು. ಮೇ ತಿಂಗಳಲ್ಲಿ ಅಲಾಸ್ಕಾ. ಸ್ಯಾನ್ ಫ್ರಾನ್ಸಿಸ್ಕೋದಿಂದಲೇ ಹಡಗು, ವಿಮಾನದ ರಗಳೆಯಿಲ್ಲ, ಇಂಡಿಯನ್ ಅಡುಗೆಯವನೂ ಇದ್ದಾನಂತೆ. ಈಗಲೇ ಹೆಸರು ಕೊಟ್ಟರೆ ಬಾಲ್ಕನಿ ಇರುವ ಕ್ಯಾಬಿನ್ನು. ಗುರುದತ್ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಒಬ್ಬೊಬ್ಬರ ಹೆಸರು ಹೊಡೆಯುತ್ತ, ‘ರತ್ನಂದು ಹೇಗೂ ಹೂಂ’ ಎಂದು ಹೇಳಿ ಕೀಲಿ ಒತ್ತಿದ.

ಅವಳು ಬೇಡವೆನ್ನಲಿಲ್ಲ. ಸಿಂಕಿನಲ್ಲಿ ಕೈ ತೊಳೆದು, ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡಳು. ಮೇ ತಿಂಗಳಲ್ಲಿ ಈ ಹಡಗು ಹೊರಡುವಾಗ ಅವಳು ಅದರಲ್ಲಿ ಇರುವುದಿಲ್ಲ. ಅಷ್ಟರೊಳಗೆ, ಇದೇ ಚಳಿಗಾಲದೊಳಗೆ ಒಂದು ದಿನ, ಕೆಬೆಕ್‌ಗೆ ಒಬ್ಬಳೇ ಹೋಗುತ್ತಾಳೆ. ಆ ಗಂಟೆಯನ್ನು ಎರಡಕ್ಕೆ ಮುಂಚೆಯೇ ಒತ್ತುತ್ತಾಳೆ. ಹೊರಡುವ ಹಿಂದಿನ ದಿನದವರೆಗೆ ಇಲ್ಲಿ ಯಾರಿಗೂ ತಿಳಿಯುವುದು ಬೇಡ. ಸಿಸ್ಟರ್ ಅಷ್ಟರವರೆಗೆ ಇರುತ್ತಾರೋ ಇಲ್ಲವೋ. ಇಲ್ಲದಿದ್ದರೂ ಹೋಗುವುದೇ. ಆ ಖಾಲಿ ಕೋಣೆಯಲ್ಲಾದರೂ ಕುಳಿತು, ಯಾರೂ ನೆರವಿಗೆ ಕೈ ನೀಡದೆ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡು ಹೇಳಿ ಮುಗಿಸುವುದು.

‘ರತ್ನಾ, ಕಾಫಿ?’ ಹಾಲಿನಿಂದ ಗುರುದತ್ ಕೂಗಿದ.

‘ತಂದೆ’ ಎಂದಳು ರತ್ನಾವತಿ, ‘ಸಕ್ಕರೆ ಯಾರಿಗೆ ಬೇಡ?’